ಮೌಸ್ ಹೋದರೆ ಹೋವರ್ ಕೂಡ ಹೋಗುತ್ತದೆ

ಹಳೆಯ ಪಾಯಿಂಟ್-ಅಂಡ್-ಕ್ಲಿಕ್ (ಮೌಸ್‌ನಿಂದ ವಸ್ತು ತೋರಿಸಿ ಒತ್ತಿ ಆಡುವ) ಸಾಹಸ ಆಟವನ್ನು ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲ್‌ಗೆ ತರುವಾಗ ಎಲ್ಲರೂ ಮೊದಲು ಕೈಹಾಕುವುದು ಚಿತ್ರಕ್ಕೆ. ಅದರ ಲೆಕ್ಕ ಅರ್ಧ ದಿನದಲ್ಲಿ ಮುಗಿಯುತ್ತದೆ. 1990ರ ಆಸುಪಾಸಿನ ಎಷ್ಟೋ ಡಾಸ್ (ಹಳೆಯ ಪಿಸಿ) ಆಟಗಳು 320×200 ಪಿಕ್ಸೆಲ್‌ನವು. 4:3 ಮಾನಿಟರ್ ತುಂಬುತ್ತಿದ್ದುದರಿಂದ ಒಂದೊಂದು ಪಿಕ್ಸೆಲ್ಲೂ ಅಗಲಕ್ಕಿಂತ 1.2 ಪಟ್ಟು ಉದ್ದ. ಸ್ವಿಚ್‌ನ 1280×720 ಪರದೆಯಲ್ಲಿ ಅದು 960×720 ಆಗಬೇಕು: ಅಗಲ 3 ಪಟ್ಟು, ಎತ್ತರ 3.6 ಪಟ್ಟು. ನೇರ ಹಿಗ್ಗಿಸಿದರೆ ಕೆಲವು ಸಾಲು 3 ಪಿಕ್ಸೆಲ್, ಕೆಲವು 4 ಆಗಿ, ನಾಯಕ ಮೇಲೆ ಕೆಳಗೆ ನಡೆದಾಗ ಮುಖ ಅದುರುತ್ತದೆ. ಮೊದಲು 1600×1200ಕ್ಕೆ ಏರಿಸಿ (ಅಗಲ 5 ಪಟ್ಟು, ಎತ್ತರ 6), ಆಮೇಲೆ ಬೈಲೀನಿಯರ್‌ನಲ್ಲಿ (ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣ ಬೆರೆಸುವ ವಿಧಾನ) 0.6 ಪಟ್ಟಿಗೆ ಇಳಿಸಿ. ಎರಡೂ ಪಕ್ಕ ಉಳಿಯುವ 160 ಪಿಕ್ಸೆಲ್‌ಗೆ ಹೂಬಳ್ಳಿಯ ಚೌಕಟ್ಟು ಬೇಡ. ಹೆಬ್ಬೆರಳು ಬರುವ ಜಾಗವೇ ಅದು, ಇನ್ವೆಂಟರಿ (ನಾಯಕ ಎತ್ತಿಕೊಂಡ ವಸ್ತುಗಳ ಸಾಲು) ಅಲ್ಲಿರಲಿ.

ನಿಜವಾದ ಕೆಲಸ ಬೆರಳಿನದು. ಮೂಲದಲ್ಲಿ 6 ಪಿಕ್ಸೆಲ್ ಅಗಲದ ಬೀಗದ ಕೈ ಹೊಸ ಪರದೆಯಲ್ಲಿ 18 ಪಿಕ್ಸೆಲ್. ಚಿಕ್ಕ ಮಾದರಿಯಾದ ಸ್ವಿಚ್ ಲೈಟ್‌ನ 5.5 ಇಂಚಿನ ಪರದೆಯಲ್ಲಿ ಮಿಲಿಮೀಟರಿಗೆ ಸುಮಾರು 10.5 ಪಿಕ್ಸೆಲ್, ಅಂದರೆ ಕೀ ಬರೀ 1.7 ಮಿ.ಮೀ. ಹಾಟ್‌ಸ್ಪಾಟ್ (ಒತ್ತಿದರೆ ಸ್ಪಂದಿಸುವ ಜಾಗ) 7 ಮಿ.ಮೀ.ಗಿಂತ ಚಿಕ್ಕದಿರಬಾರದು, ಹಾಗಾಗಿ ಕಣ್ಣಿಗೆ ಕಾಣದಂತೆ 74 ಪಿಕ್ಸೆಲ್‌ಗೆ ಹಿಗ್ಗಿಸಿ. ಹಿಗ್ಗಿಸಿದವು ಒಂದರ ಮೇಲೊಂದು ಬೀಳುತ್ತವೆ. ಬೆರಳು ಚಿತ್ರದ ಮೂಲ ಆಕಾರದೊಳಗೇ ಬಿದ್ದರೆ ಆ ವಸ್ತುವಿಗೆ ಗೆಲುವು. ಹೊರಗೆ ಬಿದ್ದರೆ ಯಾವುದರ ಅಂಚು ಹತ್ತಿರವೋ ಅದಕ್ಕೆ. ಕೇಂದ್ರದಿಂದ ಅಳೆದರೆ ದೊಡ್ಡ ಮೇಜು ಸದಾ ಸೋಲುತ್ತದೆ. ಬಾಗಿಲು, ದಾರಿಗಳನ್ನು ಮಾತ್ರ ಹಿಗ್ಗಿಸಬೇಡಿ. ಹಿಗ್ಗಿಸಿದರೆ, ಪಕ್ಕದ ಲಾಟೀನು ಎತ್ತಿಕೊಳ್ಳಲು ಹೋದ ನಾಯಕ ಕೋಣೆಯಿಂದಲೇ ಆಚೆ ನಡೆದುಬಿಡುತ್ತಾನೆ. ನಿಂಟೆಂಡೊದ ಹಳೆಯ ಕೈ ಕನ್ಸೋಲ್ ಡಿಎಸ್‌ಗಾಗಿ ಮಾಡಿದ್ದ ಹಾಟ್‌ಸ್ಪಾಟ್ ಪಟ್ಟಿ ಕೈಯಲ್ಲಿದ್ದರೂ ಹಾಗೇ ಎತ್ತಿಕೊಳ್ಳಬೇಡಿ. ಅದು ಸ್ಟೈಲಸ್ (ಟಚ್ ಕಡ್ಡಿ) ತುದಿಗೆ ಹೊಂದಿಸಿದ ಅಳತೆ.

ಮೌಸ್ ಬಾಣ ವಸ್ತುವಿನ ಮೇಲೆ ಹಾಯ್ದರೆ ಸಾಕು, ಅದರ ಹೆಸರು ಕಾಣುತ್ತಿತ್ತು. ಇದೇ ಹೋವರ್. ಬೆರಳಿಗೆ ಆ ಸವಲತ್ತಿಲ್ಲ. ಆಟಗಾರರು ಸಿಕ್ಕಸಿಕ್ಕಲ್ಲಿ ಒತ್ತುತ್ತಾರೆ, ನಾಯಕ ಸುಮ್ಮನೆ ಅತ್ತಿತ್ತ ಅಲೆಯುತ್ತಾನೆ. ಬೆರಳು ಇಟ್ಟಾಗ ಏನೂ ಆಗದಿರಲಿ. ಜಾರಿಸುತ್ತಾ ಹೋದಂತೆ ಹೆಸರು ಬೆರಳಿಗಿಂತ 80 ಪಿಕ್ಸೆಲ್ ಮೇಲೆ ತೋರಲಿ (ಕೆಳಗೆ ತೋರಿಸಿದರೆ ಬೆರಳೇ ಮುಚ್ಚುತ್ತದೆ), ಎತ್ತಿದಾಗ ಕ್ರಿಯೆ ನಡೆಯಲಿ. ಇಲ್ಲೊಂದು ಕಿರಿಕಿರಿ ಇದೆ: ಎತ್ತುವ ಗಳಿಗೆಯಲ್ಲಿ ಬೆರಳು ಉರುಳಿ ಬಿಂದು ಕೆಲವು ಪಿಕ್ಸೆಲ್ ಸರಿಯುತ್ತದೆ, ಕೀ ತೋರಿಸಿ ಮೇಜು ಆರಿಸಿದಂತಾಗುತ್ತದೆ. ಎತ್ತುವುದಕ್ಕೆ 50 ಮಿಲಿಸೆಕೆಂಡ್ ಹಿಂದಿನ ಬಿಂದುವನ್ನೇ ತೆಗೆದುಕೊಳ್ಳಿ. ಜಾರಿಸಿ ಖಾಲಿ ನೆಲದ ಮೇಲೆ ಎತ್ತಿದರೆ ರದ್ದು. ನಾಯಕ ಅಲ್ಲಿಗೆ ಹೆಜ್ಜೆ ಹಾಕುವುದು ನೆಲವನ್ನು ತಟ್ಟಿದಾಗ ಮಾತ್ರ. ಎಲ್ಲ ಹಾಟ್‌ಸ್ಪಾಟ್ ಒಟ್ಟಿಗೆ ಬೆಳಗಿಸುವ ಒಂದು ಬಟನ್ನೂ ಇರಲಿ. ಒಗಟು ಸುಲಭವಾಗಿಬಿಡುತ್ತದೆ ಎಂದು ಡಿಸೈನರ್ ತಗಾದೆ ತೆಗೆಯಬಹುದು, ಆದರೆ ಪಿಕ್ಸೆಲ್ ಹುಡುಕುವುದು ಎಂದೂ ಒಗಟಾಗಿರಲಿಲ್ಲ.

ಸ್ವಿಚ್ಚನ್ನು ಡಾಕ್‌ನಲ್ಲಿಟ್ಟು (ಟಿವಿಗೆ ಜೋಡಿಸುವ ತೊಟ್ಟಿಲು) ಟಿವಿಯಲ್ಲಿ ಆಡುವಾಗ ಟಚ್ ಇರುವುದೇ ಇಲ್ಲ. ಆದ್ದರಿಂದ ಇಡೀ ಆಟ ಬಟನ್‌ನಲ್ಲೇ ಮುಗಿಸಲು ಬರಬೇಕು: ಬಲ ಸ್ಟಿಕ್ ತಳ್ಳಿದರೆ ಹಾಟ್‌ಸ್ಪಾಟ್‌ಗಳು ಎಡದಿಂದ ಬಲಕ್ಕೆ ಒಂದೊಂದಾಗಿ ಆಯ್ಕೆಯಾಗಲಿ. ದೃಶ್ಯದ ನಡುವೆ ಡಾಕ್‌ನಿಂದ ಕಿತ್ತುಕೊಂಡರೆ ಟಚ್ಚೋ ಬಟನ್ನೋ ಎಂದು ಮೆನು ತೋರಿಸಿ ಕೇಳಬೇಡಿ. ಮೊದಲ ಸ್ಪರ್ಶಕ್ಕೇ ಆಯ್ಕೆ ತೋರಿಸುವ ಕರ್ಸರ್ ಮಾಯವಾಗಲಿ.