ಬಸ್ ಫ್ರೀ ಇದ್ದರೂ ಹತ್ತಿರದ ಕೆಲಸವೇ ಯಾಕೆ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮನ್ನು ಬಹಳ ಜನ ಕೇಳುವ ಪ್ರಶ್ನೆ ಇದು: ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, ಆದರೂ ಎಷ್ಟೋ ತಾಯಂದಿರು ಸಂಬಳ ಕಡಿಮೆಯಾದರೂ ಮನೆ ಹತ್ತಿರದ ಕೆಲಸವನ್ನೇ ಯಾಕೆ ಹಿಡಿಯುತ್ತಾರೆ?

ದುಡ್ಡಿನ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಾಕಿ. ಬೆಳಿಗ್ಗೆ 9ಕ್ಕೆ ಮಗುವನ್ನು ನರ್ಸರಿಗೆ ಬಿಟ್ಟವರು ಮಧ್ಯಾಹ್ನ 1ಕ್ಕೆ ಅದೇ ಗೇಟಿನ ಮುಂದಿರಬೇಕು ಎಂದುಕೊಳ್ಳೋಣ. ಕೆಲಸ 3 ಗಂಟೆ. ಉಳಿಯುವುದು ಹೋಗಲು 30 ನಿಮಿಷ, ಬರಲು 30. ಸ್ಟಾಪಿಗೆ ನಡೆಯಲು 7, ಬಸ್ಸಿಗೆ ಕಾಯಲು 10, ಇಳಿದು ನಡೆಯಲು 5 ಕಳೆದರೆ ಬಸ್ಸಿನೊಳಗೆ ಸಿಗುವುದು 8 ನಿಮಿಷ. ಗಂಟೆಗೆ 15 ಕಿ.ಮೀ. ವೇಗದಲ್ಲಿ 2 ಕಿ.ಮೀ. ಅಷ್ಟೇ.

ಸ್ವೀಡನ್ನಿನ ಭೂಗೋಳಶಾಸ್ತ್ರಜ್ಞ ಟಾರ್ಸ್ಟೆನ್ ಹ್ಯಾಗರ್‌ಸ್ಟ್ರಾಂಡ್ 1970ರಲ್ಲೇ ಇಂಥ ಕಟ್ಟುಗಳನ್ನು ಮೂರಾಗಿ ಬಿಡಿಸಿ ತೋರಿಸಿದ್ದರು. ದೇಹಕ್ಕೂ ವಾಹನಕ್ಕೂ ಇರುವ ಮಿತಿ ಒಂದು. ಎಲ್ಲಿ, ಯಾವಾಗ ಒಳಗೆ ಬಿಡುತ್ತಾರೆ ಎಂಬ ನಿಯಮ ಇನ್ನೊಂದು. ರೇಷನ್ ಅಂಗಡಿಯ ವೇಳೆ ಈ ಬಗೆಯದು. ಇಂಥವರ ಜೊತೆ, ಇಂಥ ಹೊತ್ತಿಗೆ, ಇಂಥಲ್ಲೇ ಇರಬೇಕೆಂಬುದು ಮೂರನೆಯದು. ಮಗುವನ್ನು ಕರೆತರುವುದು ಈ ಮೂರನೆಯ ಕಟ್ಟು, ದಿನದಲ್ಲಿ ಎಲ್ಲಕ್ಕಿಂತ ಬಿಗಿಯಾದದ್ದು.

ಈಗ ಒಂದೊಂದನ್ನೇ ಸಡಿಲಿಸಿ ನೋಡಿ. ಬಸ್ಸಿನ ವೇಗ 20 ಕಿ.ಮೀ.ಗೆ ಏರಿದರೆ ಸುಮಾರು 2.7 ಕಿ.ಮೀ. ದೂರ ಹೋಗಬಹುದು. ಅದರ ಬದಲು ಕಾಯುವುದು 5 ನಿಮಿಷ ತಗ್ಗಿದರೆ 3.25. ನರ್ಸರಿ 2 ಗಂಟೆಯವರೆಗೆ ಮಗುವನ್ನು ನೋಡಿಕೊಂಡರೆ 9.5 ಕಿ.ಮೀ.! ರಸ್ತೆ, ರೂಟುಗಳ ಅಂಕುಡೊಂಕನ್ನು ಬದಿಗಿಟ್ಟರೆ ಕೆಲಸ ಹುಡುಕಬಹುದಾದ ಪ್ರದೇಶ 22 ಪಟ್ಟು ಮೀರುತ್ತದೆ, ಏಕೆಂದರೆ ವಿಸ್ತೀರ್ಣ ಬೆಳೆಯುವುದು ದೂರದ ವರ್ಗದಂತೆ. ಉಚಿತ ಬಸ್ ಬೇಕೇ ಬೇಕು. ಆದರೆ ನರ್ಸರಿ, ಅಂಗನವಾಡಿಗಳ ಸಮಯ ಸಾರಿಗೆಯ ವಿಷಯವೇ ಅಲ್ಲ ಎಂದು ಕೈಬಿಡುವುದನ್ನು ನಾವು ಒಪ್ಪುವುದಿಲ್ಲ.

ಲೆಕ್ಕ ತಪ್ಪುವುದು ಹೆಚ್ಚಾಗಿ ಸರಾಸರಿಯಿಂದ. ಒಂದು ದಿನ 2 ನಿಮಿಷಕ್ಕೆ, ಇನ್ನೊಂದು ದಿನ 20 ನಿಮಿಷಕ್ಕೆ ಬರುವ ಬಸ್ಸಿಗೆ ಸರಾಸರಿ 11 ಎಂದು ಬರೆದುಕೊಂಡರೆ ಹಾಳೆಯ ಮೇಲೆ ಎಲ್ಲ ಸರಿ. ಗೇಟಿನಲ್ಲಿ ಮಗು ಕಾಯುವಾಗ ಯಾವ ತಾಯಿಯೂ ಸರಾಸರಿ ನಂಬಿ ಹೊರಡುವುದಿಲ್ಲ, 20 ಎಂದೇ ಹಿಡಿಯುತ್ತಾಳೆ. ನಡಿಗೆಯ 12 ಸೇರಿಸಿದರೆ 32 ನಿಮಿಷ. ಇದ್ದದ್ದು 30. ಹಾಗಾಗಿ ಬಸ್ಸನ್ನೇ ಬಿಟ್ಟು, ನಡೆದು ಹೋಗಿಬರುವಷ್ಟು ದೂರದಲ್ಲಿ ಕೆಲಸ ಹುಡುಕುತ್ತಾಳೆ.