ಒಂದೇ ಕಪ್ಪೆಗೆ ಎಷ್ಟು ಸಲ ಹೆಸರು ಬದಲಿಸ್ತೀರಿ?

ಕಪ್ಪೆಗಳ ಬಗ್ಗೆ ಬರೆದಾಗಲೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಹಳೇ ಪುಸ್ತಕದಲ್ಲಿ ಶ್ರೀಲಂಕಾದ ಪೊದೆಗಪ್ಪೆಗೆ ಫಿಲಾಟಸ್ ಅಂತಿದೆ. ಅದಕ್ಕೂ ಹಿಂದೆ ಇಕ್ಸಾಲಸ್ ಅಂತಿತ್ತಂತೆ. ಈಗ ನೋಡಿದರೆ ಸ್ಯೂಡೊಫಿಲಾಟಸ್. ಈ ವಿಜ್ಞಾನಿಗಳಿಗೆ ಬೇರೆ ಕೆಲಸ ಇಲ್ವಾ?"

ಇದೇ ಅವರ ಕೆಲಸ. ಆದರೆ ಯಾರೂ ಮನಸ್ಸಿಗೆ ಬಂದ ಹಾಗೆ ಬದಲಿಸುತ್ತಿಲ್ಲ.

ಮೊದಲು ಒಂದು ವಿಷಯ. ಪ್ರತಿ ಕಪ್ಪೆಯ ಹೆಸರಿನಲ್ಲಿ ಎರಡು ಭಾಗ ಇರುತ್ತದೆ. ಮೊದಲನೆಯದು ಕುಲದ ಹೆಸರು, ಎರಡನೆಯದು ಆ ಪ್ರಭೇದದ್ದು. ಊರೂರು ಅಲೆಯುವುದು ಹೆಚ್ಚಾಗಿ ಮೊದಲ ಭಾಗ ಮಾತ್ರ.

ಈ ಅಲೆದಾಟದ ಶುರುವೇ ಗೊಂದಲ. 1838ರಲ್ಲಿ ಚೂಡಿ ಎಂಬ ಸ್ವಿಸ್ ವಿಜ್ಞಾನಿ ಜಾವಾ ದ್ವೀಪದ ಒಂದು ಕಪ್ಪೆಗಾಗಿ ಆರ್ಕೆಸ್ಟಿಸ್ ಎಂಬ ಕುಲ ಮಾಡಿದರು. ಆ ಹೆಸರು ಆಗಲೇ ಒಂದು ಮೂತಿ ಹುಳುವಿಗೆ ಹೋಗಿತ್ತು. ಪ್ರಾಣಿಗಳಲ್ಲಿ ಎರಡು ಕುಲಕ್ಕೆ ಒಂದೇ ಹೆಸರು ಇರುವಂತಿಲ್ಲ, ಮೊದಲು ಇಟ್ಟವರದ್ದೇ ಹಕ್ಕು. 1841ರಲ್ಲಿ ಫ್ರಾನ್ಸಿನ ಡ್ಯುಮೆರಿಲ್ ಮತ್ತು ಬಿಬ್ರಾನ್ ಇಕ್ಸಾಲಸ್ ಅಂದರು. ಅದನ್ನೂ 1837ರಲ್ಲೇ ಒಂದು ಸಸ್ತನಿಗೆ ಇಟ್ಟಾಗಿತ್ತು! ಕೊನೆಗೆ 1848ರಲ್ಲಿ ಗಿಸ್ಟೆಲ್ ಕೊಟ್ಟ ಫಿಲಾಟಸ್ ಎಂಬ ಹೆಸರು ನಿಂತಿತು. ಹಾಗಂತ ಇಕ್ಸಾಲಸ್ ತಕ್ಷಣ ಹೋಗಲಿಲ್ಲ. ಲಂಡನ್ನಿನ ಮ್ಯೂಸಿಯಂನಲ್ಲಿದ್ದ ಗುಂಥರ್ 1864ರಲ್ಲೂ ಸಿಲೋನಿನ ಒಂದು ಕಪ್ಪೆಗೆ ಇಕ್ಸಾಲಸ್ ಟೆಂಪೊರಾಲಿಸ್ ಎಂದೇ ಬರೆದರು.

ಈ ಟೆಂಪೊರಾಲಿಸ್ ಅನ್ನು ನೆನಪಿಟ್ಟುಕೊಳ್ಳಿ. 1943ರಲ್ಲಿ ಬೆಲ್ಜಿಯಂನ ಲೋರಾಂ ಇದನ್ನೇ ಮಾದರಿ ಪ್ರಭೇದವಾಗಿಟ್ಟು, ಅಂದರೆ ಕುಲದ ಹೆಸರಿಗೆ ಆಧಾರವಾಗಿಟ್ಟು, ಸ್ಯೂಡೊಫಿಲಾಟಸ್ ಎಂಬ ಹೊಸ ಕುಲ ಕಟ್ಟಿದರು. ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ಹೆಸರು ಸುಮ್ನೆ ಕಾಗದದಲ್ಲಿ ಉಳಿಯಿತು. ಶ್ರೀಲಂಕಾ, ಭಾರತ, ಜಾವಾ ಎಲ್ಲ ಕಡೆಯ ಪೊದೆಗಪ್ಪೆಗಳೂ ದಶಕಗಟ್ಟಲೆ ಫಿಲಾಟಸ್ ಎಂಬ ಒಂದೇ ಸೂರಿನಡಿ ಇದ್ದವು.

ಆಮೇಲೆ ಡಿಎನ್‌ಎ ಬಂತು. ಶ್ರೀಲಂಕಾದ ಕಪ್ಪೆಗಳು ಜಾವಾದ ಫಿಲಾಟಸ್‌ಗಳಿಗೆ ಅಷ್ಟೇನೂ ಹತ್ತಿರದವಲ್ಲ, ಅವುಗಳದ್ದು ಬೇರೆಯೇ ಕವಲು ಎಂದು ಗೊತ್ತಾಯಿತು. ಬೇರೆ ಕವಲಿಗೆ ಬೇರೆ ಹೆಸರು ಬೇಕು, ಅಲ್ವಾ? ಲೋರಾಂ ಆರಿಸಿಕೊಂಡ ಮಾದರಿ ಶ್ರೀಲಂಕಾದ್ದೇ ಆಗಿತ್ತು. ಹಾಗಾಗಿ ನಿಯಮದ ಪ್ರಕಾರ ಅವರ ಹೆಸರೇ ಸಲ್ಲಬೇಕು. 2009ರಲ್ಲಿ ಸ್ಯೂಡೊಫಿಲಾಟಸ್‌ಗೆ ಮರುಜೀವ ಬಂತು. ಆದರೆ ಟೆಂಪೊರಾಲಿಸ್ ಕಪ್ಪೆಯೇ ಈಗ ಇಲ್ಲ. ಇಡೀ ಕುಲದ ಹೆಸರು ಯಾವ ಕಪ್ಪೆಯ ಮೇಲೆ ನಿಂತಿದೆಯೋ ಅದು ಅಳಿದುಹೋದವುಗಳ ಪಟ್ಟಿಯಲ್ಲಿದೆ.

ಭಾರತದ ಕವಲಿಗೆ ಹಳೇ ಹೆಸರು ಯಾವುದೂ ಇರಲಿಲ್ಲ. 2010ರಲ್ಲಿ ಕಪ್ಪೆ ವಿಜ್ಞಾನಿ ಬಿಜು ಮತ್ತು ಸಂಗಡಿಗರು ರಾವೋರ್ಕೆಸ್ಟಿಸ್ ಎಂದು ಹೊಸದಾಗಿ ಇಟ್ಟರು. ಅದರಲ್ಲಿರುವ 'ರಾವ್' ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಪ್ರೊಫೆಸರ್ ಸಿ. ಆರ್. ನಾರಾಯಣ ರಾವ್. ಉಳಿದ ಅರ್ಧ ಚೂಡಿಯವರ ಕೈತಪ್ಪಿದ್ದ ಆರ್ಕೆಸ್ಟಿಸ್. ನನಗೆ ಇದು ಬಹಳ ಇಷ್ಟ.

ಹೆಸರು ಅಷ್ಟು ಮುಖ್ಯವಾ ಅಂತ ಕೇಳುವವರಿಗೆ ನಾನು ಸ್ಟೆಲ್ಲಾಟಸ್ ಕತೆ ಹೇಳುತ್ತೇನೆ. ಸಿಲೋನಿನಲ್ಲೇ ಹುಟ್ಟಿದ ವೈದ್ಯ ಕೆಲಾರ್ಟ್ 1853ರಲ್ಲಿ ನುವಾರಾ ಎಲಿಯಾದ ಒಂದು ಕಪ್ಪೆಯನ್ನು ಪಾಲಿಪೆಡೇಟಿಸ್ ಸ್ಟೆಲ್ಲಾಟಾ ಎಂದು ಬಣ್ಣಿಸಿದರು. ಅವರ ಕೈಲಿದ್ದ ಮಾದರಿಗಳು ಆಮೇಲೆ ಕಳೆದುಹೋದವು. ಒಂದೂವರೆ ಶತಮಾನ ಯಾರಿಗೂ ಆ ಕಪ್ಪೆ ಸಿಗಲಿಲ್ಲ, ಅಳಿದುಹೋಯಿತು ಎಂದೇ ಘೋಷಣೆಯಾಯಿತು. 2009ರಲ್ಲಿ ಶ್ರೀಪಾದ ಬೆಟ್ಟದ ಕಾಡಿನಲ್ಲಿ ಅದು ಮತ್ತೆ ಸಿಕ್ಕಿತು. ಇದೇ ಅದು ಎಂದು ಹೇಳುವುದು ಹೇಗೆ? ಹೋಲಿಸಲು ಕೆಲಾರ್ಟರ ಬರಹ ಬಿಟ್ಟು ಬೇರೇನೂ ಇಲ್ಲ. 2013ರಲ್ಲಿ ಸಂಶೋಧಕರು ಅದನ್ನು ಮತ್ತೆ ವಿವರವಾಗಿ ಬಣ್ಣಿಸಿ, ಕಳೆದುಹೋದ ಮಾದರಿಗಳ ಬದಲಿಗೆ ಆ ಹೆಸರಿಗೆ ಆಧಾರವಾಗಿ ಹೊಸ ಮಾದರಿಯೊಂದನ್ನು ಗೊತ್ತುಮಾಡಿದರು. ಹೆಸರಿನ ಬಾಲ ಮಾತ್ರ ಸ್ಟೆಲ್ಲಾಟಸ್ ಆಗಿದೆ, ಲ್ಯಾಟಿನ್ ವ್ಯಾಕರಣದಂತೆ ಕುಲದ ಹೆಸರಿನ ಲಿಂಗಕ್ಕೆ ಹೊಂದಲಿ ಎಂದು.

ಉಲ್ಟಾ ಆದದ್ದೂ ಇದೆ. 2007ರಲ್ಲಿ ಮಾಯಾ ಮತ್ತು ಪಾರ್ಡಸ್ ಎಂಬ ಶ್ರೀಲಂಕಾದ ಎರಡು ಹೊಸ ಪ್ರಭೇದಗಳಿಗೆ ಹೆಸರಿಟ್ಟರು. ಎರಡೂ 1876ಕ್ಕೆ ಮುಂಚೆ ಸಂಗ್ರಹಿಸಿ ಜಾಡಿಯಲ್ಲಿಟ್ಟಿದ್ದ ಕಪ್ಪೆಗಳು. ಹೆಸರು ಸಿಗುವ ಹೊತ್ತಿಗೆ ಕಾಡಿನಲ್ಲಿ ಅವು ಇರಲಿಲ್ಲ. ಹೆಸರಿಲ್ಲದ ಕಪ್ಪೆ ಹೋದರೆ ಲೆಕ್ಕಕ್ಕೂ ಬರುವುದಿಲ್ಲ. ಅದಕ್ಕೇ 2005ರಲ್ಲಿ ಮನಮೇಂದ್ರ ಆರಚ್ಚಿ ಮತ್ತು ಪೆತಿಯಗೊಡ ಒಂದೇ ಏಟಿಗೆ ಶ್ರೀಲಂಕಾದ ಪೊದೆಗಪ್ಪೆಗಳ 27 ಹೊಸ ಪ್ರಭೇದ ಬಣ್ಣಿಸಿದ್ದನ್ನು ಯಾರಾದರೂ ಅತಿಯಾಯಿತು ಅಂದರೆ ನಾನು ಒಪ್ಪುವುದಿಲ್ಲ.

ಹೊಸ ಹೆಸರು ಬಿದ್ದುಹೋಗುವುದೂ ಉಂಟು. ನಮ್ಮ ಮಲೆನಾಡಿನಿಂದ 2007ರಲ್ಲಿ ಬಂದ ನೀಲನೇತ್ರಸ್ ಎಂಬ ಚೆಂದದ ಹೆಸರು, ಕೊಡಗಿನಿಂದ 2003ರಲ್ಲೇ ಬಂದಿದ್ದ ಲೂಟಿಯೋಲಸ್ ಮುಂದೆ ಸೋತಿತು. ಎರಡೂ ಒಂದೇ ಕಪ್ಪೆ. ಬೇಜಾರಾಗುತ್ತೆ, ಆದರೆ ನಿಯಮ ಎಲ್ಲರಿಗೂ ಒಂದೇ.

ಇನ್ನು ಫೋಟೊ ಕೆಳಗೆ ಯಾವ ಹೆಸರು ಹಾಕಲಿ ಅಂತ ಕೇಳುವವರಿಗೆ: ಈಗ ಚಾಲ್ತಿಯಲ್ಲಿರುವುದನ್ನೇ ಹಾಕಿ. ಹಳೇ ಪುಸ್ತಕದಲ್ಲಿ ಹುಡುಕುವಾಗ ಮಾತ್ರ ಎರಡನೇ ಭಾಗ ಹಿಡಿದು ಹುಡುಕಿ. ಭಾರತದ ಕಪ್ಪೆ ಅಂದಮಾತ್ರಕ್ಕೆ ಎಲ್ಲದಕ್ಕೂ ರಾವೋರ್ಕೆಸ್ಟಿಸ್ ಅನ್ನಬೇಡಿ. ಅಂಬೋಲಿ, ವೈನಾಡೆನ್ಸಿಸ್‌ನಂಥ ಕೆಲವು ಶ್ರೀಲಂಕಾ ಕವಲಿನವೇ. ಅವುಗಳ ಪೂರ್ವಜರು ಹಿಂದೆ ಎಂದೋ ಲಂಕೆಯಿಂದ ಈ ಕಡೆ ದಾಟಿ ಬಂದವರು. ಘಟ್ಟದಲ್ಲಿದ್ದರೂ ಅವು ಸ್ಯೂಡೊಫಿಲಾಟಸ್‌ಗಳೇ.