ಹುಲ್ಲಿನ ಹೊಲ ಮಾರಾಟಕ್ಕಿದೆ

ಶಿರಹಟ್ಟಿ ಕಡೆ ರಸ್ತೆ ಪಕ್ಕ ಒಂದು ಬೋರ್ಡ್ ನೋಡಿದೆ: 'ಜಮೀನು ಮಾರಾಟಕ್ಕಿದೆ. ಲೇಔಟ್‌ಗೆ, ರೆಸಾರ್ಟ್‌ಗೆ ಯೋಗ್ಯ.' ಕೆಂಪು ಮಸಾರಿ ನೆಲ, ನಡುನಡುವೆ ಜಾಲಿ, ಮೊಣಕಾಲೆತ್ತರ ಹುಲ್ಲು. ಕುರಿ ಹಿಂಡೊಂದು ತಲೆ ಎತ್ತದೆ ಮೇಯುತ್ತಿತ್ತು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಮಾರುವವರ ಮೇಲೆ ನನಗೆ ಸಿಟ್ಟಿಲ್ಲ. ಸಾಲ, ಮಕ್ಕಳ ಮದುವೆ ಎಲ್ಲರಿಗೂ ಇದ್ದದ್ದೇ ಅಲ್ವಾ? ಆದರೆ ತಂತಿ ಬೇಲಿ ಬಿದ್ದರೆ ಕುರಿಗಾಹಿಗಳು ಎಲ್ಲಿಗೆ ಹೋಗಬೇಕು? ನಿಯಮದಲ್ಲಿ 100 ದನಕ್ಕೆ ಸುಮಾರು 30 ಎಕರೆ ಗೋಮಾಳದ ಲೆಕ್ಕವಿದೆ. ಎಷ್ಟೋ ಊರಲ್ಲಿ ಗೋಮಾಳ ಒತ್ತುವರಿಯಾಗಿ, ಇಂಥ ಬೀಳು ಹೊಲಗಳೇ ದನಕರುಗಳಿಗೆ ಆಸರೆ.

ಕೊಳ್ಳುವವರು ಉತಾರದ (ಪಹಣಿ) ಜೊತೆ ಊರ ನಕಾಶೆಯನ್ನೂ ನೋಡಿ. ಅದರಲ್ಲಿರುವ ಬಂಡಿದಾರಿ, ಹಳ್ಳ ಮಾತ್ರ ದಯವಿಟ್ಟು ಮುಚ್ಚಬೇಡಿ.